ದಿನದ ಓದು, ದಿನದ ಪ್ರಾರ್ಥನೆ



ದಿನವೂ ಸತ್ಯವೇದವನ್ನು ಓದಿ ಪ್ರಾರ್ಥಿಸುವ ಅಭ್ಯಾಸವನ್ನು ಮನುಷ್ಯ ತನಗೆ ತಾನೇ ಹೇಗೆ ರೂಢಿಸಿಕೊಳ್ಳಬೇಕು ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕೇಳಿದ್ದಾರೆ. ನಾನು ಸಭಾಪಾಲಕನಲ್ಲ, ದೇವಜ್ಞಾನಶಾಸ್ತ್ರವನ್ನು ಓದಿದವನೂ ಅಲ್ಲ. ಜಮಖಂಡಿಯಲ್ಲಿ ಮೂವತ್ತನಾಲ್ಕು ವರ್ಷ ಹುಡುಗರಿಗೆ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ. ಇದರಲ್ಲಿ ನಾನು ಎಷ್ಟು ಸಲ ಸೋತಿದ್ದೇನೆ ಎಂಬ ಲೆಕ್ಕ ನನ್ನ ಬಳಿ ಚೆನ್ನಾಗಿ ಇದೆ.

ನನ್ನ ಹುಟ್ಟೂರು ಗುಳೇದಗುಡ್ಡ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿ ಬೆಟಗೇರಿಗಳಲ್ಲಿ ನೆಲೆಯೂರಿ, 1851ರಲ್ಲಿ ಈ ನೇಕಾರರ ಊರಿಗೂ ಬಂದರು. ನಮ್ಮ ಹಿರಿಯರು ಅವರ ಸಭೆಯನ್ನು ಸೇರಿದರು. ಆದರೆ ಮಗ್ಗವನ್ನೇನೂ ಬಿಡಲಿಲ್ಲ. ನನ್ನ ಅಪ್ಪ ಕೊನೆಯವರೆಗೂ ಖಣ ನೇಯುತ್ತಿದ್ದರು. ಸಂಜೆ ಮಗ್ಗದ ಕುಣಿಯಿಂದ ಮೇಲೆದ್ದು, ಕಾಲು ತೊಳೆದುಕೊಂಡು, ಗೂಡಿನಲ್ಲಿದ್ದ ಕಂದೀಲನ್ನು ಕೆಳಗಿಳಿಸಿ, ಅದರ ಬೆಳಕಿನಲ್ಲಿ ಸತ್ಯವೇದವನ್ನು ತೆರೆಯುತ್ತಿದ್ದರು. ಓದುತ್ತಿದ್ದುದು ಬಹಳವಲ್ಲ, ಹತ್ತು ಹನ್ನೆರಡು ವಾಕ್ಯ. ಅಕ್ಷರದ ಕೆಳಗೆ ಬೆರಳಿಟ್ಟು, ಎಳೆ ಎಣಿಸುವವರ ಹಾಗೆ ಓದುವರು. ಆಮೇಲೆ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಬೇಕು. ಮಕ್ಕಳಾದ ನಾವು ಕಣ್ಣು ಮುಚ್ಚಿದಂತೆ ಮಾಡಿ ಒಲೆಯ ಮೇಲಿನ ಸಾರಿನ ವಾಸನೆಯನ್ನು ಧ್ಯಾನಿಸುತ್ತಿದ್ದೆವು.

ಈ ಅಲ್ಪ ಓದಿನ ಹಿಂದೆ ಒಂದು ಪರಂಪರೆ ಇದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಹಳ್ಳಿಯ ಭಕ್ತರು 1728ರಲ್ಲಿ ಒಂದು ರೂಢಿ ಹಾಕಿಕೊಂಡರು. ದಿನಕ್ಕೆ ಒಂದೇ ಒಂದು ವಾಕ್ಯವನ್ನು ಆರಿಸಿ, ಅದನ್ನು ಮನೆಮನೆಗೆ ಮುಟ್ಟಿಸುವುದು. ಆ ದಿನವೆಲ್ಲ ಆ ವಾಕ್ಯವೇ ಬುತ್ತಿ. 1731ರಿಂದ ಇಡೀ ವರ್ಷದ ವಾಕ್ಯಗಳು ಪುಸ್ತಕವಾಗಿ ಅಚ್ಚಾಗತೊಡಗಿದವು. ಇಂದಿಗೂ ಅದು ನಿಂತಿಲ್ಲ. ಬಾಸೆಲಿನಿಂದ ಬಂದವರು ಇದೇ ಭಕ್ತಿಮಾರ್ಗದ ನೆಂಟರು. ಅಪ್ಪನಿಗೆ ಹೆರ್ನ್‌ಹುಟ್ ಎಂಬ ಹೆಸರು ಗೊತ್ತಿರಲಿಲ್ಲ. ದಿನದ ಬುತ್ತಿ ದಿನಕ್ಕೆ ಸಾಕು ಎಂಬುದು ಮಾತ್ರ ಗೊತ್ತಿತ್ತು.

ನಾನು ಓದಿದವನು; ನನಗೆ ಇಷ್ಟು ಸಾಲದಾಯಿತು. 1974ರಲ್ಲಿ ಮಾಸ್ತರನಾಗಿ ಜಮಖಂಡಿಗೆ ಬಂದೆ. ಹೊಸ ಊರು, ಬಾಡಿಗೆಯ ಮನೆ, ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಒಬ್ಬಂಟಿಯಾದವನಿಗೆ ಉತ್ಸಾಹ ಹೆಚ್ಚು. ಒಂದು ವರ್ಷದಲ್ಲಿ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತೇನೆಂದು ಸಂಕಲ್ಪ ಮಾಡಿದೆ. ಅರವತ್ತಾರು ಪುಸ್ತಕಗಳು, 1189 ಅಧ್ಯಾಯಗಳು. ದಿನಕ್ಕೆ ಮೂರೂಕಾಲು ಅಧ್ಯಾಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಈ ಲೆಕ್ಕ ನನ್ನ ಆವಿಷ್ಕಾರವೆಂದು ತಿಳಿದಿದ್ದೆ. ಸ್ಕಾಟ್ಲೆಂಡಿನ ರಾಬರ್ಟ್ ಮರ್ರೆ ಮೆಕ್‌ಚೇನ್ ಎಂಬ ಯುವ ಸಭಾಪಾಲಕ 1842ರಲ್ಲೇ ತನ್ನ ಸಭೆಯವರಿಗೆ ಇಂಥದೊಂದು ಓದಿನ ಪಂಚಾಂಗವನ್ನು ಮಾಡಿಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ಆ ಪಟ್ಟಿಯನ್ನು ಕೊಡುವಾಗಲೇ ಅದರ ಅಪಾಯಗಳನ್ನೂ ಅವನು ಹೇಳಿದ್ದನಂತೆ: ಓದು ಬರಿಯ ಆಚಾರವಾದೀತು, ಓದಿದೆನೆಂಬ ಹೆಮ್ಮೆ ಬಂದೀತು, ಕೆಲವರಿಗೆ ಅದು ಹೊರಲಾರದ ನೊಗವಾದೀತು. ಪಟ್ಟಿಯನ್ನು ತೆಗೆದುಕೊಳ್ಳುವವರು ಈ ಎಚ್ಚರಿಕೆಯನ್ನು ಸಾಮಾನ್ಯವಾಗಿ ಓದುವುದಿಲ್ಲ.

ಜನವರಿಯಲ್ಲಿ ಆದಿಕಾಂಡ ಹೊಳೆಯ ಹಾಗೆ ಹರಿಯಿತು. ವಿಮೋಚನಕಾಂಡದ ಪೂರ್ವಾರ್ಧವೂ ಹಾಗೆಯೇ. ದೇವದರ್ಶನದ ಗುಡಾರದ ಅಳತೆಗಳು ಬಂದಾಗ ವೇಗ ತಗ್ಗಿತು. ಯಾಜಕಕಾಂಡಕ್ಕೆ ಬಂದಾಗ ಫೆಬ್ರವರಿ. ಶಾಲೆಯಲ್ಲಿ ಪರೀಕ್ಷೆಯ ಗಡಿಬಿಡಿ. ಒಂದು ದಿನ ತಪ್ಪಿತು, ಮರುದಿನ ಏಳು ಅಧ್ಯಾಯದ ಬಾಕಿ. ಮೂರು ದಿನ ತಪ್ಪಿತು, ಹದಿಮೂರು ಅಧ್ಯಾಯದ ಬಾಕಿ. ಸಾಲಗಾರನಿಗೆ ಸಾವುಕಾರನ ಓಣಿಯಲ್ಲಿ ಹೋಗಲು ಹೇಗೆ ಮುಜುಗರವೋ ಹಾಗೆ ಪುಸ್ತಕವಿದ್ದ ಕಪಾಟಿನ ಕಡೆ ನೋಡುವುದೇ ಬೇಡವಾಯಿತು. ಪ್ರಾರ್ಥನೆಯೂ ಅದರೊಂದಿಗೇ ಹೋಯಿತು, ಏಕೆಂದರೆ ಓದದೆ ಪ್ರಾರ್ಥಿಸಲು ನಾಚಿಕೆ. ಮುಂದಿನ ಜನವರಿಯಲ್ಲಿ ಮತ್ತೆ ಆದಿಕಾಂಡ. ಹೀಗೆ ಒಂಬತ್ತು ವರ್ಷ. ನೋಹನ ನಾವೆಯ ಉದ್ದಗಲಗಳು ನನಗೆ ಬಾಯಿಪಾಠವಾಗಿದ್ದವು. ಯಾಜಕಕಾಂಡದ ಆಚೆಗೆ ಏನಿದೆಯೆಂಬುದು ಮಾತ್ರ ಭಾನುವಾರದ ಪ್ರಸಂಗಗಳಿಂದ ತಿಳಿದಷ್ಟೇ.

ಇಂಥ ದಿನಗಳಲ್ಲಿ ನನಗೆ ಆಸರೆಯಾದದ್ದು ಜಮಖಂಡಿ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಈ ಊರು ಪಟವರ್ಧನರ ಸಂಸ್ಥಾನವಾಗಿತ್ತು ಎಂಬುದನ್ನು ಎಲ್ಲರೂ ಬಲ್ಲರು. 1886ರ ಜುಲೈ 3ರಂದು ರಾಮಚಂದ್ರ ದತ್ತಾತ್ರೇಯ ರಾನಡೆಯವರು ಹುಟ್ಟಿದ ಊರೂ ಇದೇ. ನಾನು ಬಂದಾಗ ಅವರು ತೀರಿಕೊಂಡು ಹದಿನೇಳು ವರ್ಷಗಳಾಗಿದ್ದವು. ಆದರೆ ಊರಿನ ಹಿರಿಯರ ಬಾಯಲ್ಲಿ ಅವರು ಇನ್ನೂ ಇದ್ದರು. ನಮ್ಮ ಶಾಲೆಯ ಹಿರಿಯ ಮಾಸ್ತರರೊಬ್ಬರು, ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ನಿಂಬಾಳಕ್ಕೆ ಹೋಗಿ ಗುರುದೇವರನ್ನು ಕಂಡು ಬಂದವರು. ಅವರು ಕೊಟ್ಟ ಪುಸ್ತಕಗಳಿಂದ ರಾನಡೆಯವರ ಪರಿಚಯವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪಾಂಡಿತ್ಯವಲ್ಲ. ಉಪನಿಷತ್ತುಗಳ ಮೇಲೆ 1926ರಲ್ಲಿ ಬಂದ ಅವರ ದೊಡ್ಡ ಗ್ರಂಥವನ್ನು ನಾನು ಅರ್ಧದಷ್ಟೂ ಅರ್ಥಮಾಡಿಕೊಂಡಿಲ್ಲವೆಂದು ಒಪ್ಪುತ್ತೇನೆ. ನನ್ನನ್ನು ಕಾಡಿದ್ದು ಆ ಪಾಂಡಿತ್ಯದ ಪಕ್ಕದಲ್ಲಿ ಇದ್ದ ನೇಮ. 1901ರಲ್ಲಿ, ಇನ್ನೂ ಹೈಸ್ಕೂಲಿನ ಹುಡುಗನಾಗಿದ್ದಾಗಲೇ, ಉಮದಿಯ ಭಾವುಸಾಹೇಬ ಮಹಾರಾಜರಿಂದ ಅವರು ನಾಮದೀಕ್ಷೆ ಪಡೆದರು. ಯೌವನದಲ್ಲಿ ಕಠಿಣವಾದ ಕಾಯಿಲೆ ಬಂದು ಬದುಕಿನ ಭರವಸೆಯೇ ಹೋದಾಗ, ಆ ನಾಮವೇ ಅವರಿಗೆ ಹಿಡಿಕೆಯಾಯಿತು. ಪುಣೆಯ ಕಾಲೇಜಿನಲ್ಲಿ ಕಲಿಸುವಾಗ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯಾಗಿ ಇದ್ದಾಗ, ಕೊನೆಗೆ ಗದಗ-ಸೊಲ್ಲಾಪುರ ರೈಲುಹಾದಿಯ ನಿಂಬಾಳದಲ್ಲಿ ನೆಲೆಸಿ 1957ರ ಜೂನ್ 6ರಂದು ಕಣ್ಣು ಮುಚ್ಚುವವರೆಗೆ ಆ ಧ್ಯಾನವನ್ನು ಅವರು ಬಿಡಲಿಲ್ಲ. ಈ ಸಂಪ್ರದಾಯದವರಿಗೆ ‘ನಿತ್ಯನೇಮಾವಳಿ’ ಎಂಬ ಪುಸ್ತಕವಿದೆ. ದಿನದ ಯಾವ ಹೊತ್ತಿಗೆ ಯಾವ ಭಜನೆ ಎಂಬುದು ಅದರಲ್ಲಿದೆ. ದಾಸಬೋಧದ ಓದೂ ಅವರ ನೇಮಕ್ಕೆ ಸೇರಿದ್ದು.

ಒಂದು ದಿನ ಕಾಕಾ ಅವರನ್ನು ಕೇಳಿದೆ, ‘ಬೇಸರ ಬರೂದಿಲ್ಲೇನ್ರಿ ದಿನಾ ಅದನ್ನ ಮಾಡಿ?’ ಅವರು ನಕ್ಕರು. ‘ಬರತದಲ್ಲ. ಬ್ಯಾಸರ ಬಂದಾಗ ಬ್ಯಾಸರ ತಗೊಂಡು ಕೂಡೂದು.’

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಲ್ಲ ದಾರಿಗಳೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸಮ್ಮತವಲ್ಲ. ಅವರದು ನಾಮದ ದಾರಿ. ನನ್ನದು ವಾಕ್ಯದ ದಾರಿ. ಅವರ ಧ್ಯಾನದಲ್ಲಿ ಮಾತು ಕ್ರಮೇಣ ಮೌನದಲ್ಲಿ ಅಡಗಬೇಕು. ನಾನು ಪುಸ್ತಕ ತೆರೆಯುವುದು ಮಾತನ್ನು ಕೇಳಿಸಿಕೊಳ್ಳಲು, ಕೇಳಿಸಿಕೊಂಡದ್ದಕ್ಕೆ ಉತ್ತರ ಕೊಡಲು. ರಾನಡೆಯವರು ತಮ್ಮ ಗ್ರಂಥಗಳಲ್ಲಿ ನಮ್ಮ ನಾಡಿನ ಸಂತರ ಪಕ್ಕದಲ್ಲಿ ಪಶ್ಚಿಮದ ಕ್ರೈಸ್ತ ಅನುಭಾವಿಗಳನ್ನೂ ಕೂರಿಸಿ ಮಾತನಾಡಿಸಿದ್ದಾರೆ. ಭಕ್ತನ ಬಾಳಿನಲ್ಲಿ ಕವಿಯುವ ಕತ್ತಲೆಯನ್ನು ಹೇಳುವಾಗ ಶಿಲುಬೆಯ ಯೋಹಾನನೆಂಬ ಸ್ಪೇನಿನ ಸಂತನ ಮಾತನ್ನೇ ಬಳಸಿದ್ದಾರೆ. ಅದು ಹೋಲಿಕೆ, ಕಲಬೆರಕೆಯಲ್ಲ. ನಾನು ಅವರಿಂದ ಎರವಲು ತಂದದ್ದು ದೇವರನ್ನಲ್ಲ, ಹೊತ್ತನ್ನು.

ಎರಡನೆಯ ಪಾಠ ಬನಹಟ್ಟಿಯಲ್ಲಿ ಆಯಿತು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಹುಡುಕಬೇಕು. ಅಲ್ಲಿ ನನ್ನ ಒಬ್ಬ ಸ್ನೇಹಿತರು, ಪ್ರಾಯದಲ್ಲಿ ನನಗಿಂತ ಹಿರಿಯರು, ಬೆಳಿಗ್ಗೆ ಇಷ್ಟಲಿಂಗದ ಪೂಜೆ ಮುಗಿಸದೆ ಮಗ್ಗಕ್ಕೆ ಕೂಡುತ್ತಿರಲಿಲ್ಲ. ಒಮ್ಮೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಕೇಳಿದರು, ‘ಯಾಕ್ರಿ ಮಾಸ್ತರ, ಈ ಸಲ ನಿಮ್ಮ ಪುಸ್ತಕ ಎಲ್ಲೀತನಕ ಬಂತು?’

‘ನಡುವ ತಪ್ಪಿ ಹೋತ್ರಿ. ಹೊಸಾ ವರ್ಷಕ್ಕ ಮತ್ತ ಮೊದಲಿಂದ ಸುರು ಮಾಡಬೇಕು.’

‘ಎಳಿ ಹರೀತಂತ ಯಾರಾರ ಹಾಸು ಕಡದು ಒಗೀತಾರೇನ್ರಿ? ಗಂಟು ಹಾಕಿ ಮುಂದ ನೇಯೂದು.’

ಇಷ್ಟು ಹೇಳಿ ಅವರು ಒಳಗೆ ಚಹಾಕ್ಕೆ ಕೂಗಿದರು. ನೇಕಾರನ ಮಗನಾದ ನನಗೆ ಇದನ್ನು ಇನ್ನೊಬ್ಬ ನೇಕಾರರು ನೆನಪು ಮಾಡಿಕೊಡಬೇಕಾಯಿತು. ಅಪ್ಪನ ಮಗ್ಗದಲ್ಲಿ ದಿನಕ್ಕೆ ಎಷ್ಟು ಎಳೆ ಹರಿಯುತ್ತಿದ್ದವೋ! ಲಾಳಿ ನಿಲ್ಲಿಸಿ, ತುದಿಗಳನ್ನು ಹುಡುಕಿ, ಬೆರಳಿಗೆ ಉಗುಳು ಹಚ್ಚಿ ಹೊಸೆದು ಗಂಟಿಕ್ಕಿ, ಮತ್ತೆ ಲಾಳಿ ಎಸೆಯುವುದು. ಅದಕ್ಕಾಗಿ ಅವರು ನಾಚಿಕೊಂಡದ್ದನ್ನು ನಾನು ಕಂಡಿಲ್ಲ.

ಆ ಮೇಲೆ ನಾನು ಬಾಕಿಯ ಲೆಕ್ಕವನ್ನು ಹರಿದು ಹಾಕಿದೆ. ತಪ್ಪಿದ ದಿನ ತಪ್ಪಿದ್ದೇ. ಅದನ್ನು ಮರುದಿನದ ಹೆಗಲ ಮೇಲೆ ಹೊರಿಸುವುದಿಲ್ಲ. ವರ್ಷದಲ್ಲಿ ಮುಗಿಸುವ ಹಟವನ್ನೂ ಬಿಟ್ಟೆ. ಬೆಳಿಗ್ಗೆ ಮಸೀದಿಯ ಬಾಂಗಿಗೆ ಎಚ್ಚರವಾಗುತ್ತದೆ. ಅದೇ ನನ್ನ ಗಡಿಯಾರ. ಮೂಡಲ ಕಿಟಕಿಯ ಹತ್ತಿರ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಪುಸ್ತಕ, ಎದುರಿಗೆ ಒಂದು ಚಾಪೆ. ಸ್ಥಳವನ್ನು ಬದಲಿಸಬಾರದು ಎಂಬುದು ನನ್ನ ಅನುಭವ. ಮನಸ್ಸು ಒಲ್ಲದಿದ್ದರೂ ಕಾಲು ಅಲ್ಲಿಗೆ ಹೋಗುವುದನ್ನು ಕಲಿಯುತ್ತದೆ. ಒಂದು ಕೀರ್ತನೆ, ಆಮೇಲೆ ಸುವಾರ್ತೆಯಿಂದಲೋ ಬೇರೆ ಪುಸ್ತಕದಿಂದಲೋ ಹತ್ತು ಹನ್ನೆರಡು ವಾಕ್ಯ. ಅಪ್ಪ ಓದುತ್ತಿದ್ದಷ್ಟೇ ಎಂದು ಗಮನಕ್ಕೆ ಬಂದದ್ದು ತಡವಾಗಿ.

ಓದುವುದು ಗಟ್ಟಿಯಾಗಿ, ಆದರೆ ಸಣ್ಣ ದನಿಯಲ್ಲಿ. ನಮ್ಮ ಕಡೆ ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ನಡೆಯುವುದನ್ನು ನೀವು ಕೇಳಿದ್ದೀರಿ. ಒಬ್ಬರು ಒಂದು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಒಂದೇ ಪದ್ಯದ ಮೇಲೆ ಅರ್ಧ ರಾತ್ರಿ ಕಳೆದರೂ ಯಾರೂ ಏಳುವುದಿಲ್ಲ. ನಾನು ಎರಡೂ ಪಾತ್ರಗಳನ್ನು ಒಬ್ಬನೇ ಮಾಡುತ್ತೇನೆ. ಇನ್ನೊಂದು ಮಾತು. ಸತ್ಯವೇದದ ಕನ್ನಡ ಕಿವಿಯ ಕನ್ನಡ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವನು ಈ ಅನುವಾದಕ್ಕೆ ಕೈ ಹಾಕಿ, ಜೊತೆಗಾರರೊಂದಿಗೆ ದುಡಿದು, 1831ರ ಹೊತ್ತಿಗೆ ಇಡೀ ಪುಸ್ತಕವನ್ನು ಕನ್ನಡದಲ್ಲಿ ತಂದ. ಅವನ ಜೊತೆಗಾರರಲ್ಲಿ ಒಬ್ಬ ವಿಲಿಯಂ ರೀವ್. 1832ರ ಕನ್ನಡ-ಇಂಗ್ಲಿಷ್ ನಿಘಂಟು ಅವನದೇ. ಆಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ತಿದ್ದುವ ಕೆಲಸ ಮುಂದೆಯೂ ನಡೆಯಿತು. ಇಷ್ಟು ಕೈಗಳ ಕೆಲಸದಲ್ಲಿ ಒರಟುತನ ಇಲ್ಲವೆಂದು ಹೇಳಲಾರೆ. ಕನ್ನಡದ ಮಾಸ್ತರನಾಗಿ ಎಷ್ಟೋ ಕಡೆ ನನ್ನ ಕೆಂಪು ಮಸಿ ತುಡಿದಿದೆ. ಕಣ್ಣಿಗೆ ತೊಡಕೆನಿಸಿದ ವಾಕ್ಯ ಬಾಯಲ್ಲಿ ಹಾಕಿಕೊಂಡಾಗ ನೆಟ್ಟಗಾಗುವುದನ್ನೂ ಕಂಡಿದ್ದೇನೆ.

ಪ್ರಾರ್ಥನೆಯ ವಿಷಯ ಇಷ್ಟು ಸಲೀಸಲ್ಲ. ಓದು ಕಣ್ಣೆದುರಿಗೆ ಇರುತ್ತದೆ. ಪ್ರಾರ್ಥನೆಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಮನಸ್ಸು ಶಾಲೆಯ ಫೀ ಪುಸ್ತಕದಿಂದ ಕಬ್ಬಿನ ಬಾಕಿ ಬಿಲ್ಲಿನವರೆಗೆ ಅಲೆದು ಬರುತ್ತದೆ. ಉಳಿದುಹೋದ ಹಾಳೆಗಳ ಒಂದು ನೋಟುಬುಕ್ಕನ್ನು ಹೊಲಿದುಕೊಂಡು ಅದರಲ್ಲಿ ಹೆಸರುಗಳನ್ನು ಬರೆದಿಟ್ಟೆ. ನಾಪಾಸಾದ ಹುಡುಗರು, ಜ್ವರದಲ್ಲಿದ್ದ ನೆರೆಯವರು, ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟು ಎದ್ದ ಬೀಳಗಿ ಕಡೆಯ ಪರಿಚಿತರು. ಒಬ್ಬೊಬ್ಬರ ಹೆಸರನ್ನೂ ಓದಿ ಒಂದು ಕ್ಷಣ ನಿಲ್ಲುವುದು. ಪಟ್ಟಿ ಬೆಳೆದಾಗ ವಾರದ ಏಳು ದಿನಗಳಿಗೆ ಹಂಚಿದೆ. ಇದು ಹಾಜರಿ ಹಾಕಿದಂತೆ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಆಗುತ್ತದೆ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಮಾಸ್ತರನು ತಲೆಯೆತ್ತಿ ನೋಡುತ್ತಾನೆ, ಅಷ್ಟು ಪ್ರಯೋಜನವಂತೂ ಉಂಟು.

ದಾನಿಯೇಲನ ಕಥೆ ನಿಮಗೆ ಗೊತ್ತಿರಬಹುದು. ರಾಜನನ್ನು ಬಿಟ್ಟು ಬೇರೆ ಯಾರಿಗೂ ಬಿನ್ನಹ ಮಾಡಬಾರದೆಂಬ ಆಜ್ಞೆ ಹೊರಟಾಗ, ಅವನು ಮಾಳಿಗೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಕೋಣೆಯಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಸಿಂಹಗಳ ಗವಿಯನ್ನೇ ಎಲ್ಲರೂ ನೆನಪಿಡುತ್ತಾರೆ. ನನ್ನ ಗಮನ ಹೋಗುವುದು ಅಲ್ಲಿರುವ ಒಂದು ಸಣ್ಣ ಮಾತಿನ ಮೇಲೆ: ಅವನು ಅಂದು ಮಾಡಿದ್ದು ಮೊದಲಿನಿಂದ ಮಾಡುತ್ತಿದ್ದುದನ್ನೇ. ಆಪತ್ತು ಬಂತೆಂದು ನಾಲ್ಕನೆಯ ಸಲ ಕೂಡಿಸಲಿಲ್ಲ, ಒಂದು ಸಲ ಕಡಿಮೆಯೂ ಮಾಡಲಿಲ್ಲ.

ಇದನ್ನೆಲ್ಲ ನಾನು ಸಾಧನೆಯೆಂಬಂತೆ ಹೇಳುತ್ತಿದ್ದೇನೆಯೇ? ಹಾಗೆ ಭಾಸವಾಗಿದ್ದರೆ ಮುಂದಿನ ಮಾತನ್ನೂ ದಯವಿಟ್ಟು ಕೇಳಬೇಕು. 2016ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಣ್ಣು ಮುಗಿಸಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗಿನಲ್ಲಿ ಬಾಂಗು ಕೇಳಿತು. ಎದ್ದೆ. ಮನೆ ಕತ್ತಲೆಯಾಗಿತ್ತು. ಹಾಗೆ ಕತ್ತಲೆಯಲ್ಲಿ ನಾನು ಎಂದೂ ಎದ್ದಿರಲಿಲ್ಲ. ನಾನು ಚಾಪೆಗೆ ಬರುವ ಹೊತ್ತಿಗೆ ಯಾವಾಗಲೂ ಅಡುಗೆಮನೆಯಲ್ಲಿ ದೀಪ ಇರುತ್ತಿತ್ತು. ನಳದ ನೀರು ಹೊತ್ತಲ್ಲದ ಹೊತ್ತಿಗೆ ಬಂದರೆ ಹಿಡಿಯುವವಳು ಅವಳು. ಮಕ್ಕಳು ಅತ್ತರೆ ಒಳಗೆಳೆದುಕೊಂಡು ಹೋಗುವವಳು ಅವಳು. ನಾನು ಪುಸ್ತಕ ಮುಚ್ಚುವ ವೇಳೆಗೆ ಸರಿಯಾಗಿ ಚಹಾ. ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ‘ನನ್ನ ನೇಮ’ ಎಂದು ಹೇಳಿಕೊಂಡದ್ದು ಅವಳು ಕಾವಲು ಕಾದ ಅರ್ಧ ಗಂಟೆ. ಅವಳಿಗೆ ಅಂಥ ಅರ್ಧ ಗಂಟೆ ಯಾವತ್ತಾದರೂ ಸಿಕ್ಕಿತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತ ಸಂಗೀತಗಳನ್ನು ಗುನುಗುತ್ತಿದ್ದುದು ನನ್ನ ಓದಿಗೆ ಅಡ್ಡಿಯಾಗುತ್ತದೆಂದು, ಬಾಗಿಲು ಮುಂದೆ ಮಾಡಿಕೋ ಎಂದು ಹೇಳಿದ್ದು ಮಾತ್ರ ನೆನಪಿದೆ.

ನೇಮವನ್ನು ಕುರಿತು ಬರೆದವರೂ ಮಾತನಾಡಿದವರೂ ಹೆಚ್ಚಾಗಿ ಗಂಡಸರು. ನಮಗೆ ಬಾಗಿಲು ಮುಚ್ಚಿಕೊಳ್ಳಲು ಒಂದು ಕೋಣೆ ಇತ್ತು, ಆ ಬಾಗಿಲನ್ನು ಹೊರಗಿನಿಂದ ಕಾಯಲು ಒಬ್ಬರಿದ್ದರು.

ಆ ಬೆಳಿಗ್ಗೆ ಚಾಪೆಯ ಮೇಲೆ ಕುಳಿತೆ. ಪ್ರಾರ್ಥನೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರು ತಿಂಗಳು ಹೀಗೆಯೇ ಹೋಯಿತು. ಸರದಿಯ ಕೀರ್ತನೆಯನ್ನು ಓದುವುದು, ಎದ್ದುಹೋಗುವುದು. ಸಮಾಧಾನ ಹೇಳುವ ಕೀರ್ತನೆಗಳು ಬಂದಾಗ ಸಿಟ್ಟು ಬರುತ್ತಿತ್ತು. ಹಾಗೆ ಓದುತ್ತಿರುವಾಗ ಒಂದು ದಿನ ಎಂಬತ್ತೆಂಟನೆಯದು ಬಂತು. ಅದನ್ನು ಮೊದಲು ಎಷ್ಟೋ ಸಲ ಓದಿದ್ದೆ, ಬೇಗ ಬೇಗ ದಾಟಿದ್ದೆ. ಉಳಿದ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ತಿರುಗುತ್ತವೆ, ಅಳು ಸ್ತೋತ್ರವಾಗುತ್ತದೆ. ಇದು ತಿರುಗುವುದಿಲ್ಲ. ಆಪ್ತರು ದೂರವಾದರೆಂದು ಹೇಳಿ, ಕತ್ತಲೆಯಲ್ಲಿ ನಿಂತುಬಿಡುತ್ತದೆ. ಆದರೂ ಅದನ್ನು ಯಾರೂ ಪುಸ್ತಕದಿಂದ ಕಿತ್ತುಹಾಕಿಲ್ಲ. ಅದೂ ದೇವರಿಗೆ ಹೇಳಿದ ಮಾತೇ. ನನ್ನ ಬಾಯಲ್ಲಿ ಮಾತಿಲ್ಲದಿದ್ದಾಗ ಇನ್ನೊಬ್ಬನ ಮಾತನ್ನು ತೆಗೆದುಕೊಂಡು ಅದನ್ನೇ ಎರಡು ಸಲ ಓದಿದೆ. ಸರದಿಯಲ್ಲಿ ಬಾರದೆ ಹೋಗಿದ್ದರೆ, ಮನಸ್ಸು ಬಂದಾಗ ಮಾತ್ರ ಓದುವವನಾಗಿದ್ದರೆ, ಆ ಪುಟವನ್ನು ನಾನು ತೆರೆಯುತ್ತಿರಲಿಲ್ಲ.

ಆಮೇಲೆ ಅವಳ ಸತ್ಯವೇದವನ್ನು ಕಪಾಟಿನಿಂದ ತೆಗೆದೆ. ಅದು ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿಯೇ ಇರುತ್ತಿತ್ತು. ಬೆನ್ನು ಹರಿದಿತ್ತು, ಕೆಲವು ಪುಟಗಳ ಸಂದಿಯಲ್ಲಿ ಜೋಳದ ಹಿಟ್ಟು ಸಿಕ್ಕಿಕೊಂಡಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ಅಲ್ಲಲ್ಲಿ ತಾರೀಖುಗಳು. ಮಗನಿಗೆ ಕಾಮಾಲೆ ಆದ ತಿಂಗಳು. ನನ್ನ ಕೆಲಸ ಕಾಯಂ ಆದ ದಿನ. ಅವಳ ತಾಯಿ ತೀರಿದ ವರ್ಷ. ಯಾವ ಹೊತ್ತಿನಲ್ಲಿ ಓದಿದಳೋ, ನಿಂತು ಓದಿದಳೋ ಕುಳಿತು ಓದಿದಳೋ, ನನಗೆ ತಿಳಿಯದು. ತಾರೀಖುಗಳ ನಡುವೆ ಕೆಲವೆಡೆ ಎರಡು ದಿನದ ಅಂತರ, ಕೆಲವೆಡೆ ಎರಡು ವರ್ಷ. ಹರಿದು ಗಂಟಿಕ್ಕಿದ್ದೆಲ್ಲ ಅಲ್ಲಿ ಕಾಣುತ್ತದೆ. ಅವಳ ಗುರುತುಗಳು ಪ್ರವಾದಿಗಳ ಪುಸ್ತಕಗಳವರೆಗೂ ಹೋಗಿದ್ದವು. ಯಾಜಕಕಾಂಡವನ್ನು ಅವಳು ನನಗಿಂತ ಎಷ್ಟೋ ಮೊದಲೇ, ಯಾರಿಗೂ ಹೇಳದೆ, ದಾಟಿದ್ದಳು.

ಈಗ ಓದುವುದು ಆ ಪ್ರತಿಯನ್ನೇ. ಎದ್ದ ಕೂಡಲೇ ಅಡುಗೆಮನೆಯ ದೀಪ ಹಚ್ಚಿ ಬರುತ್ತೇನೆ. ನಳ ಬಂದರೆ ನಡುವೆ ಎದ್ದು ಕೊಡ ಇಟ್ಟು ಬರುತ್ತೇನೆ. ಓದು ಅಷ್ಟರಿಂದ ಕೆಡುವುದಿಲ್ಲವೆಂದು ಈಗ ತಿಳಿದಿದೆ. ಕೀರ್ತನೆಯ ಜೊತೆಗೆ, ಇಷ್ಟು ವರ್ಷಗಳ ಮೇಲೆ, ಯಾಜಕಕಾಂಡವನ್ನು ಕೈಗೆತ್ತಿಕೊಂಡಿದ್ದೇನೆ, ದಿನಕ್ಕೆ ಹತ್ತು ವಾಕ್ಯದಂತೆ. ನಾಳೆ ಹದಿಮೂರನೆಯ ಅಧ್ಯಾಯದ ಮೊದಲ ಭಾಗ. ಚರ್ಮರೋಗಗಳನ್ನು ಯಾಜಕನು ಹೇಗೆ ಪರೀಕ್ಷಿಸಬೇಕೆಂಬ ವಿವರ, 59 ವಾಕ್ಯಗಳು. ಆರು ಬೆಳಗಿನ ಓದು ಇದೆ. ಈ ಅಧ್ಯಾಯದ ಅಂಚಿನಲ್ಲಿಯೂ ಅವಳ ಒಂದು ತಾರೀಖು ಇದೆ. ಅದು ಯಾವ ದಿನವೆಂಬುದು ಇನ್ನೂ ನನಗೆ ಹೊಳೆದಿಲ್ಲ.